ಟಿಲ್ಲರನ್ನು ಮತ್ತೆ ಕೆರೆಗೆ ಇಳಿಸಿದ್ದು

ಆಯುಧ ಪೂಜೆಯ ದಿನ ನನ್ನ ಶೆಡ್ಡಿನಲ್ಲಿ ಸ್ಪ್ಯಾನರುಗಳಿಗೆ ಸಿಗುವ ಮರ್ಯಾದೆ ನನಗೆ ಸಿಗುವುದಿಲ್ಲ. ಅವು ಡೀಸೆಲ್ಲಿನಲ್ಲಿ ಮಿಂದು, ವಿಭೂತಿ ಕುಂಕುಮ ಹಚ್ಚಿಕೊಂಡು, ಹೊಸ ಟವೆಲ್ಲಿನ ಮೇಲೆ ಗಾತ್ರದ ಪ್ರಕಾರ ಸಾಲಾಗಿ ಮಲಗಿರುತ್ತವೆ. ನಾನು ಪಕ್ಕದಲ್ಲಿ ಹಳೇ ಬನಿಯನ್ನಿನಲ್ಲಿ ಕೂತು ಅವಲಕ್ಕಿ ತಿನ್ನುತ್ತಿರುತ್ತೇನೆ. ಶಿಕಾರಿಪುರದಲ್ಲಿ ರಸ್ತೆಯ ಬದಿಗೆ ಇರುವ ಈ ಶೆಡ್ಡಿನ ಹಿಂದಿನ ಕೋಣೆಯೇ ನನ್ನ ಮನೆ. ಟಿಲ್ಲರು, ಪಂಪ್‌ಸೆಟ್ಟು, ಜೋಳ ಬಿಡಿಸುವ ಮಿಷನ್ನು ಇವುಗಳ ಎಂಜಿನ್ ರಿಪೇರಿ ನನ್ನ ಕಸುಬು.

ಶೆಡ್ಡಿಗೆ ಒಂದು ಕಾನೂನಿದೆ. ಪೂಜೆಗೆ ಇಟ್ಟ ಹತಾರವನ್ನು ಮರುದಿನ ವಿಜಯದಶಮಿಯ ಬೆಳಿಗ್ಗೆ ಮಂಗಳಾರತಿ ಆಗುವವರೆಗೆ ಮುಟ್ಟುವಂತಿಲ್ಲ. ಇದು ನನ್ನ ಹೆಂಡತಿ ಮಾಡಿದ್ದು. "ವರ್ಷವೆಲ್ಲ ದುಡೀತಾವೆ, ಒಂದಿನ ಅವಕ್ಕೂ ರಜಾ ಕೊಡ್ರಿ. ನೀವೂ ತಗೊಳ್ರಿ" ಎನ್ನುತ್ತಿದ್ದಳು. ಕಾನೂನು ಮಾಡಿದವಳು ಈಗ ಇಲ್ಲ. ಕಾನೂನು ಇದೆ. ತಿದ್ದುಪಡಿ ತರಬೇಕಾದರೆ ಅವಳ ಒಪ್ಪಿಗೆ ಬೇಕು.

ಆ ವರ್ಷ ಪೂಜೆ ಮುಗಿಸಿ ಕಾಯಿ ಒಡೆದ ನೀರು ಇನ್ನೂ ನೆಲದ ಮೇಲಿರುವಾಗಲೇ ಫೋನ್ ಬಂತು. ಬಂದಳಿಕೆಯ ಕಡೆಯ ಹಳ್ಳಿಯವನೊಬ್ಬ. ಅವನ ಟಿಲ್ಲರಿಗೆ ಹಿಂದೊಮ್ಮೆ ನಾನೇ ಪಿಸ್ಟನ್ ರಿಂಗು ಹಾಕಿಕೊಟ್ಟಿದ್ದೆ.

"ಮಿಸ್ತ್ರಿ, ಟಿಲ್ಲರು ಕೆರೆಗೆ ಹೋಗೇತ್ರೀ."

"ಯಾಕೆ ಹೋತು?"

"ಮೈ ತೊಳಿಯಾಕೆ."

ಅವನು ಮುಂದುವರಿಸಿದ. ಪೂಜೆಗೆ ತೊಳೆಯಬೇಕೆಂದು ಬೆಳಿಗ್ಗೆ ಕೆರೆಗೆ ಹೊಡೆದುಕೊಂಡು ಹೋಗಿದ್ದನಂತೆ. ಏರಿಯ ಇಳಿಜಾರಿನಲ್ಲಿ, ಚಕ್ರ ನೀರಿನಲ್ಲಿ ಮುಳುಗುವಷ್ಟು ಹಿಮ್ಮುಖವಾಗಿ ಇಳಿಸಿ, ತೆಂಗಿನ ನಾರು ಹಿಡಿದು ಉಜ್ಜುತ್ತಿದ್ದನಂತೆ. ಮೊದಲು ಅವನ ಮನೆಯಲ್ಲಿ ಎತ್ತುಗಳಿದ್ದವು. ಅವುಗಳನ್ನು ಇದೇ ಜಾಗದಲ್ಲಿ ತೊಳೆಯುತ್ತಿದ್ದ. ಎತ್ತು ಮಾರಿ ಟಿಲ್ಲರು ತಂದರೂ ಜಾಗ ಬದಲಾಯಿಸಲಿಲ್ಲ, ಪದ್ಧತಿಯನ್ನೂ ಬದಲಾಯಿಸಲಿಲ್ಲ. ಬೆನ್ನು ಉಜ್ಜಿದ, ಹೊಟ್ಟೆ ಉಜ್ಜಿದ, ಎದುರಿಗೆ ಬಂದು ಮುಖ ಉಜ್ಜುವಾಗ ಟಿಲ್ಲರು ನಿಧಾನಕ್ಕೆ ಹಿಂದೆ ಹೊರಟಿತು.

"ಬ್ರೇಕ್ ಲಿವರ್ ಹಿಡೀಬೇಕಿತ್ತಲ್ರೀ?"

"ಕೂಗಿದೆ."

"ಏನಂತ?"

"ಹೋ, ಹೋ ಅಂತ."

ಎತ್ತನ್ನು ನಿಲ್ಲಿಸುವ ಮಾತು. ಎತ್ತಾಗಿದ್ದರೆ ನಿಲ್ಲುತ್ತಿತ್ತು. ಟಿಲ್ಲರಿಗೆ ಭಾಷೆ ಬರುವುದಿಲ್ಲ. ಅದು ಗೌರವಪೂರ್ವಕವಾಗಿ ಹಿಂದೆ ಹಿಂದೆ ಸರಿಯುತ್ತಾ ಮುಳುಗಿತು.

ನಗು ಬಂದರೂ ನಗಲಿಲ್ಲ, ಯಾಕೆಂದರೆ ಅವನ ದನಿ ನಗುವಂತಿರಲಿಲ್ಲ. ಅವನ ಮೆಕ್ಕೆಜೋಳದ ತೆನೆಯೆಲ್ಲ ಮುರಿದು ಕಣದಲ್ಲಿ ರಾಶಿ ಬಿದ್ದಿತ್ತು. ಜೋಳ ಬಿಡಿಸುವ ಮಿಷನ್ನಿಗೆ ಬೆಲ್ಟು ಹಾಕಿ ತಿರುಗಿಸುವುದು ಇದೇ ಟಿಲ್ಲರಿನ ಎಂಜಿನ್ನು. ಊರಿನ ಉಳಿದ ಎಂಜಿನ್ನುಗಳಿಗೆಲ್ಲ ಅವರವರದೇ ರಾಶಿ ಕಾದಿತ್ತು. ಆಕಾಶ ಎರಡು ದಿನದಿಂದ ಮುಖ ಊದಿಸಿಕೊಂಡಿತ್ತು. ಹಸಿ ತೆನೆ ತಾಡಪಾಲಿನ ಕೆಳಗೆ ಬೆವೆತರೆ ಮುಗ್ಗು ಹಿಡಿಯುತ್ತದೆ, ಮಳೆ ಬಿದ್ದರೆ ಮೊಳಕೆ ಒಡೆಯುತ್ತದೆ. ವರ್ಷದ ಬೆಳೆ ಅದೊಂದೇ.

"ಹ್ಯಾಂಡ್ಲು ಹೊಡೀಬೇಡಿ. ಯಾರಿಗೂ ಮುಟ್ಟಲಿಕ್ಕೆ ಬಿಡಬೇಡಿ. ಬರ್ತೀನಿ" ಎಂದೆ. ಎಂದ ಮೇಲೆ ಟವೆಲ್ಲಿನ ಕಡೆ ನೋಡಿದೆ. ಸ್ಪ್ಯಾನರುಗಳು ಕುಂಕುಮ ಇಟ್ಟುಕೊಂಡು ತಣ್ಣಗೆ ಮಲಗಿದ್ದವು. ಬರಿಗೈಯಲ್ಲಿ ಸ್ಕೂಟರ್ ಹತ್ತಿದೆ.

ನಾನು ಮುಟ್ಟುವಷ್ಟರಲ್ಲಿ ಟಿಲ್ಲರನ್ನು ದಡಕ್ಕೆ ಎಳೆದು ಹಾಕಿದ್ದರು. ಹಗ್ಗ ಕಟ್ಟಿ, ಜನ ಕೈಯಿಂದಲೇ ಎಳೆದದ್ದು. ಹಗ್ಗ ಆಯುಧದ ಪಟ್ಟಿಯಲ್ಲಿ ಬರುವುದಿಲ್ಲ ಎಂದು ಊರಿನ ಹಿರಿಯರೊಬ್ಬರು ತೀರ್ಪು ಕೊಟ್ಟಿದ್ದರಂತೆ. ಅವರು ಇನ್ನೂ ಅಲ್ಲೇ, ಕೊಡೆ ಊರಿಕೊಂಡು, ಮುಂದಿನ ಪ್ರಕರಣಕ್ಕಾಗಿ ಕಾಯುತ್ತಿದ್ದರು. ಟಿಲ್ಲರಿನ ಸಂದುಗೊಂದುಗಳಿಂದ ನೀರು ಸೋರುತ್ತಿತ್ತು. ಏರ್ ಫಿಲ್ಟರಿನ ಬಾಯಲ್ಲಿ ಪಾಚಿ. ಹಿಡಿಕೆಗೆ ಬೆಳಿಗ್ಗೆ ಕಟ್ಟಿದ್ದ ಚೆಂಡುಹೂವಿನ ಸರ ಮಾತ್ರ ಹಾಗೇ ಇತ್ತು.

ನಾನು ಮೊದಲು ನೋಡಿದ್ದು ಎಕ್ಸಿಲೇಟರಿನ ಲಿವರ್. ಈ ಎಂಜಿನ್ ನಿಲ್ಲಿಸಬೇಕಾದರೆ ಅದನ್ನು ಪೂರ್ತಿ ಕೊನೆಗೆ ತಳ್ಳಬೇಕು. ಅದು ಕೊನೆಯಲ್ಲಿರಲಿಲ್ಲ, ಒಂದು ಬೆರಳು ಈಚೆಗಿತ್ತು.

"ಬಂದ್ ಮಾಡಿದ್ರಾ, ತೊಳಿಯುವಾಗ?"

"ಮಾಡಿದ್ದೆ" ಎಂದ ಟಿಲ್ಲರಿನ ಯಜಮಾನ, ಕೆರೆಯ ಕಡೆ ನೋಡುತ್ತ.

ಇದು ಸಣ್ಣ ಪ್ರಶ್ನೆಯಲ್ಲ. ನಿಂತ ಎಂಜಿನ್ ಮುಳುಗಿದರೆ ಒಳಗೆ ನೀರು ತುಂಬುತ್ತದೆ, ಅಷ್ಟೇ. ಓಡುವ ಎಂಜಿನ್ ಮುಳುಗಿದರೆ ಗಾಳಿಯ ಬದಲು ನೀರು ಎಳೆದುಕೊಳ್ಳುತ್ತದೆ. ಗಾಳಿಯನ್ನು ಪಿಸ್ಟನ್ ಒತ್ತಿ ಹಿಡಿಯಷ್ಟು ಮಾಡಬಹುದು, ನೀರು ಒತ್ತಿಸಿಕೊಳ್ಳುವುದಿಲ್ಲ. ಆಗ ಬಾಗುವುದು ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡು. ರಾಡು ಬಾಗಿದರೆ ಎಂಜಿನ್ ಪೂರ್ತಿ ಇಳಿಸಬೇಕು, ಸಾಮಾನು ತರಿಸಬೇಕು, ಜೋಳದ ರಾಶಿ ಅಷ್ಟು ದಿನ ಕಾಯುವುದಿಲ್ಲ.

ಯಜಮಾನನ ಹೆಂಡತಿ ತಲೆಯ ಮೇಲೆ ಸೆರಗು ಹಾಕಿಕೊಂಡು ಸ್ವಲ್ಪ ದೂರದಲ್ಲಿ ನಿಂತಿದ್ದಳು. ಸೊರಬದ ಕುಪ್ಪಗಡ್ಡೆಯ ಕಡೆಯ ಮಗಳು. ಅವಳು ಗಂಡನಿಗೆ ಅಲ್ಲ, ನನಗೂ ಅಲ್ಲ, ಟಿಲ್ಲರಿಗೆ ಹೇಳುವ ಹಾಗೆ ಹೇಳಿದಳು:

"ಬಂದ್ ಮಾಡಿದ್ರೆ ಮತ್ತೆ ಹ್ಯಾಂಡ್ಲು ತಿರುಗಿಸ್ಬೇಕಲ್ಲ ಅಂತ ಹಂಗೇ ಬಿಟ್ಟಿದ್ರು. ಇವರಿಗೆ ಭುಜ ನೋವು ಮಾರಾಯ್ರೆ. ಗುಡುಗುಡು ಅಂತಿತ್ತು. ಆಮೇಲೆ ಬುಳುಬುಳು ಅಂತು."

"ನೀ ಸುಮ್ನಿರೇ."

"ಸುಮ್ನಿದ್ರೆ ಜೋಳ ಬಿಡಿಸ್ತದಾ ಅದು?"

ಹಿರಿಯರು ಕೊಡೆ ಎತ್ತಿ ಇಳಿಸಿದರು.

ಈಗ ಇದ್ದ ಪರಿಸ್ಥಿತಿ ಇದು. ಎಂಜಿನ್ ನೀರಿನಿಂದ ಹೊರಗೆ ಬಂದಾಗಿದೆ. ನೀರಿನಲ್ಲಿದ್ದಷ್ಟು ಹೊತ್ತು ಕಬ್ಬಿಣಕ್ಕೆ ಅಷ್ಟು ಭಯವಿಲ್ಲ. ತುಕ್ಕಿಗೆ ನೀರೂ ಬೇಕು, ಗಾಳಿಯೂ ಬೇಕು. ಕೆರೆಯ ಅಡಿಯಲ್ಲಿ ಗಾಳಿಯ ಸರಬರಾಜು ಕಮ್ಮಿ. ದಡಕ್ಕೆ ಬಂದ ಕ್ಷಣದಿಂದ ಎರಡೂ ಧಾರಾಳ. ಒದ್ದೆ ಸಿಲಿಂಡರು ಗಾಳಿಯಲ್ಲಿ ಒಂದು ರಾತ್ರಿ ಕಳೆದರೆ ಕನ್ನಡಿಯಂತಿದ್ದ ಗೋಡೆ ಸಾಸಿವೆ ಸುರಿದಂತಾಗುತ್ತದೆ, ರಿಂಗು ಅಂಟಿಕೊಳ್ಳುತ್ತದೆ. ಈ ಜನ ಪ್ರೀತಿಯಿಂದ ಎಳೆದು ಹಾಕಿದ್ದು ಅದನ್ನು ಕೊಲ್ಲುವ ಸರಿಯಾದ ದಾರಿ. ಈಗಿಂದೀಗಲೇ ಬಿಚ್ಚಬೇಕು.

"ಊರಲ್ಲಿ ಯಾರ ಹತ್ರಾದ್ರೂ ಪಾನಾ ಸಿಗ್ತಾವಾ?" ಎಂದೆ. ಪಾನಾ ಎಂದರೆ ಸ್ಪ್ಯಾನರು.

ಹಿರಿಯರು ಗಂಭೀರವಾಗಿ ತಲೆಯಾಡಿಸಿದರು. "ಎಲ್ಲರವೂ ಪೂಜಿಗೆ ಕುಂತಾವೆ. ನಾಳೆ ಮಂಗಳಾರತಿ ಆದ ಮ್ಯಾಗೆ. ನಿಮ್ಮವು?"

"ಅವೂ ಕುಂತಾವೆ."

"ಮತ್ತೆ ಬಂದಿದ್ದು ಯಾಕೆ ನೀವು?"

ಪ್ರಶ್ನೆ ನ್ಯಾಯವಾಗಿಯೇ ಇತ್ತು.

ಆಗ ನನಗೆ ಸ್ಕೂಟರಿನ ಡಿಕ್ಕಿ ನೆನಪಾಯಿತು. ಅದರಲ್ಲಿ ಒಂದು ಸ್ಕ್ರೂ ಸ್ಪ್ಯಾನರು ಬಿದ್ದಿರುತ್ತದೆ, ಬಾಯಿ ಹಿಗ್ಗಿಸಿ ಕುಗ್ಗಿಸುವಂಥದ್ದು. ಅದನ್ನು ಪೂಜೆಗೆ ಇಡಲು ಮರೆತಿದ್ದೆ. ಪೂಜೆಗೆ ಹೋಗದ್ದು ಕಾನೂನಿನ ವ್ಯಾಪ್ತಿಗೆ ಬರುವುದಿಲ್ಲ ಎಂದು ವಾದ ಮಾಡಬಹುದಿತ್ತು. ಆ ಹಿರಿಯರೂ ಒಪ್ಪಿಬಿಡುತ್ತಿದ್ದರು. ಡಿಕ್ಕಿ ತೆರೆದು ಅದನ್ನು ಕೈಯಲ್ಲಿ ಹಿಡಿದೂ ನೋಡಿದೆ. ಆದರೆ ಎದುರು ಪಕ್ಷದ ವಕೀಲರೇ ಇಲ್ಲದ ಕೋರ್ಟಿನಲ್ಲಿ ಗೆಲ್ಲುವುದಕ್ಕೆ ಮನಸ್ಸು ಬರಲಿಲ್ಲ. ಅವಳಿದ್ದಿದ್ದರೆ ಜಗಳವಾಡಿ ಗೆಲ್ಲುತ್ತಿದ್ದೆ, ಅಥವಾ ಸೋಲುತ್ತಿದ್ದೆ. ಅಲ್ಲದೆ ಕಸುಬಿನ ಲೆಕ್ಕದಲ್ಲೂ ಅದು ತಪ್ಪು. ಒಂದು ಸ್ಪ್ಯಾನರಿನಿಂದ ಎಂಜಿನ್ನಿನ ತಳದ ಆಯಿಲ್ ಸಂಪಿನ ಬಿರಡೆ ತೆಗೆಯಬಹುದು, ಸಿಲಿಂಡರಿನ ಮುಚ್ಚಳವಾದ ಹೆಡ್ ಬಿಚ್ಚಲು ಆಗುವುದಿಲ್ಲ. ಅರ್ಧ ಬಿಚ್ಚಿದ ಒದ್ದೆ ಎಂಜಿನ್ ಎಂದರೆ ತುಕ್ಕಿಗೆ ಬಾಗಿಲು ತೆಗೆದು ಕರೆದ ಹಾಗೆ.

ಸ್ಪ್ಯಾನರನ್ನು ಮತ್ತೆ ಡಿಕ್ಕಿಗೆ ಹಾಕಿ ಮುಚ್ಚಿ, ಬಂದು ಹೇಳಿದೆ:

"ಇದನ್ನ ಮತ್ತೆ ಕೆರಿಗೆ ಇಳಿಸ್ರಿ."

ಯಜಮಾನ ಹೆಂಡತಿಯ ಮುಖ ನೋಡಿದ. ಮಿಸ್ತ್ರಿಗೆ ತಲೆ ಕೆಟ್ಟಿದೆಯೋ, ಹಬ್ಬದ ದಿನ ಏನಾದರೂ ತಗೊಂಡು ಬಂದಿದ್ದಾನೋ ಎಂಬ ವಿಚಾರಣೆ ಎಲ್ಲರ ಕಣ್ಣಿನಲ್ಲೂ ನಡೆಯಿತು.

"ಎಳದು ಎಳದು ಕೈ ಬೊಬ್ಬಿ ಬಂದಾವಲ್ರೀ" ಎಂದ ಯಜಮಾನ.

"ಬಟ್ಟೆ ಒಗೆಯೋ ಮೆಟ್ಲ ಹತ್ರ ಇಳಿಸ್ರಿ. ಅಲ್ಲಿ ಕೆಸರಿಲ್ಲ, ತಿಳಿನೀರು. ಎಂಜಿನ್ ಪೂರ್ತಿ ಮುಳುಗಬೇಕು. ನಾಳಿ ಬೆಳಿಗ್ಗೆ ನನ್ನ ಹತಾರ ಎದ್ದ ಮೇಲೆ ಇದನ್ನ ಎಬ್ಬಿಸೋಣ."

ತುಕ್ಕಿನ ಶಾಸ್ತ್ರವನ್ನೂ ಹೇಳಿದೆ. ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಯಜಮಾನನ ಹೆಂಡತಿಯೇ ಕೊನೆಗೆ ಹೇಳಿದಳು: "ಬಾಳೆಕಾಯಿ ಹೆಚ್ಚಿ ನೀರಲ್ಲಿ ಹಾಕಿಡಲ್ವಾ, ಕಪ್ಪಾಗ್ಬಾರ್ದು ಅಂತ. ಹಂಗೇ ಇರ್ಬೇಕು. ಇಳಿಸಿ." ಅಷ್ಟು ಹೊತ್ತು ಮಾತಾಡಿದ ನನಗೆ ಈ ಒಂದು ಸಾಲು ಹೊಳೆದಿರಲಿಲ್ಲ.

ಅದೇ ಹಗ್ಗ, ಅದೇ ಜನ. ಈ ಸಲ ನಿಧಾನಕ್ಕೆ, ಮೆಟ್ಟಿಲ ಮೇಲೆ ಹಲಗೆ ಹಾಕಿ ಇಳಿಸಿದರು. ಮುಳುಗುವಾಗ ಯಜಮಾನನ ಬಾಯಿಂದ ಅಭ್ಯಾಸಬಲದಿಂದ "ಹೋ" ಎಂದು ಬಂತು. ಯಾರೂ ನಗಲಿಲ್ಲ. ಎಂಜಿನ್ ಮುಳುಗಿ, ಹಿಡಿಕೆಗಳೆರಡೇ ಕೊಂಬಿನ ಹಾಗೆ ನೀರಿನ ಮೇಲೆ ನಿಂತವು.

ಜನ ಹೋಳಿಗೆ ಊಟಕ್ಕೆ ಮನೆಗೆ ಹೋದರು. ನನ್ನನ್ನೂ ಕರೆದರು. ಹೋಗಲಿಲ್ಲ. ನಾನು ಹೋದ ಕೂಡಲೇ ಯಾರಿಗಾದರೂ ಕರುಣೆ ಉಕ್ಕಿ ಅದನ್ನು ದಡಕ್ಕೆ ಎಳೆಯುತ್ತಾರೆ ಎಂಬ ಭಯ. ಹಾಗಾಗಿ ಕೆರೆಯ ಮೆಟ್ಟಿಲ ಮೇಲೆ ಕೂತೆ. ಊರೊಳಗಿಂದ ಗಂಟೆ, ಮಕ್ಕಳ ಗದ್ದಲ, ಎಲ್ಲೋ ಒಬ್ಬರ ಮನೆಯ ಟೀವಿ ಕೇಳುತ್ತಿದ್ದವು. ಕೆರೆಯಲ್ಲಿ ನಾನು, ಎರಡು ಕೊಂಬು, ಒಂದು ಬೆಳ್ಳಕ್ಕಿ. ಯಜಮಾನನ ಹೆಂಡತಿ ಬಾಳೆಎಲೆಯಲ್ಲಿ ಹೋಳಿಗೆ ಕಟ್ಟಿ ಕಳಿಸಿದಳು. ತುಪ್ಪ ಬೇರೆ ಕಟ್ಟಿದ್ದಳು. ತಿನ್ನುವಾಗ ತಿಳಿಯಿತು, ಹಬ್ಬದ ಊಟವನ್ನು ನಾನು ಬಿಸಿ ಇರುವಾಗ ತಿಂದು ಬಹಳ ಕಾಲವಾಗಿದೆ.

ಕೂತವನಿಗೆ ಮಾಡಲು ಕೆಲಸವಿಲ್ಲ. ಕೈ ಸುಮ್ಮನಿದ್ದರೆ ತಲೆ ಸುಮ್ಮನಿರುವುದಿಲ್ಲ. ಶೆಡ್ಡಿನಲ್ಲಿ ಹೇಗೋ ನಡೆಯುತ್ತದೆ. ಒಂದು ಬೋಲ್ಟು ತಿರುಗಿಸುತ್ತ ಇನ್ನೊಂದು ಬೋಲ್ಟಿನ ಬಗ್ಗೆ ಯೋಚಿಸಬಹುದು. ರಜೆಯ ದಿನ ಮನೆಯಲ್ಲಿ ಕೂರುವುದು ಅವಳಿದ್ದಾಗಲೂ ನನಗೆ ಬರುತ್ತಿರಲಿಲ್ಲ. ಏನೋ ನೆಪ ಮಾಡಿ ಪೇಟೆಗೆ ಹೋಗಿಬಿಡುತ್ತಿದ್ದೆ. ಆ ಮಧ್ಯಾಹ್ನ ನೆಪವಿರಲಿಲ್ಲ, ಪೇಟೆಯೂ ಇರಲಿಲ್ಲ. ಬೆಳ್ಳಕ್ಕಿ ಒಂದು ಹಿಡಿಕೆಯ ಮೇಲೆ ಬಂದು ಕೂತಿತು. ಏಳಿಸಲಿಲ್ಲ. ಕತ್ತಲಾಗುವ ಹೊತ್ತಿಗೆ ಯಜಮಾನ ಬಂದು, "ಇನ್ ನಾನು ಕಾಯ್ತೀನಿ, ನೀವು ಹೋಗ್ರಿ. ಯಾರಿಗೂ ಎಳಿಯಾಕೆ ಬಿಡಾದಿಲ್ಲ" ಎಂದ. ನಂಬಿದೆ. ಅವನ ಜೋಳ ಅದು.

ಮರುದಿನ ಮಂಗಳಾರತಿ ಸ್ವಲ್ಪ ಬೇಗನೆ ಆಯಿತು. ಅದಕ್ಕೆ ಕಾನೂನಿನಲ್ಲಿ ಅಡ್ಡಿಯಿಲ್ಲ. ಕುಂಕುಮ ಒರೆಸದೆ ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬಿದೆ. ಹೊಸ ಹೆಡ್ ಗ್ಯಾಸ್ಕೆಟ್, ಎಂಜಿನ್ ಆಯಿಲ್, ಒಂದು ಡಬ್ಬ ಡೀಸೆಲ್ಲು, ಹಳೇ ಕಾಟನ್ ಪಂಚೆಯ ಚೂರುಗಳು. ಮೋಡ ದಟ್ಟವಾಗಿತ್ತು.

ಟ್ರಾಕ್ಟರ್ ಕಟ್ಟಿ ಎಳೆಸಿ, ಏರಿಯ ಮೇಲೆ ಸಮನಾದ ಜಾಗದಲ್ಲಿ ನಿಲ್ಲಿಸಿದೆವು. ಅಲ್ಲಿಂದ ಮುಂದೆ ಅವಸರ. ಮೊದಲು ಏರ್ ಫಿಲ್ಟರ್ ಮತ್ತು ಸೈಲೆನ್ಸರ್ ಕಳಚಿದೆ. ಸೈಲೆನ್ಸರಿನಿಂದ ನೀರಿನ ಜೊತೆ ಒಂದು ಮೀನಿನ ಮರಿ ಬಿತ್ತು. ಯಜಮಾನ ಅದನ್ನು ಬೊಗಸೆಯಲ್ಲಿ ಹಿಡಿದು ಕೆರೆಗೆ ಬಿಟ್ಟು ಬಂದ. ಸಂಪಿನ ಬಿರಡೆ ತೆಗೆದಾಗ ಮೊದಲು ನೀರು, ಆಮೇಲೆ ಆಯಿಲ್ ಬಂತು. ಎರಡೂ ಬೇರೆಬೇರೆಯಾಗಿ ಬಂದದ್ದು ಒಳ್ಳೆಯ ಸೂಚನೆ. ಎಂಜಿನ್ ನೀರು ಕುಡಿದ ಮೇಲೆ ಬಹಳ ಹೊತ್ತು ಓಡಿದ್ದರೆ ಅವು ಕಲಸಿ ಚಹದ ಬಣ್ಣ ಬರುತ್ತಿತ್ತು.

ಡೀಸೆಲ್ ಚಿಮ್ಮಿಸುವ ನಾಜಲ್ ಬಿಚ್ಚಿ, ಆ ತೂತಿಗೆ ಎದುರು ಯಾರೂ ನಿಲ್ಲದಂತೆ ಹೇಳಿ, ಹ್ಯಾಂಡಲನ್ನು ಒಂದು ಸುತ್ತು ನಿಧಾನಕ್ಕೆ ತಿರುಗಿಸಿದೆ. ತೂತಿನಿಂದ ಪಿಚಕಾರಿಯಂತೆ ನೀರು ಹಾರಿ ಹಿರಿಯರ ಕೊಡೆಗೆ ಬಿತ್ತು. ಅವರನ್ನು ನಿಲ್ಲಬೇಡಿ ಎಂದಿದ್ದೆ. ಆದರೆ ಆ ನಿಯಮ ತಮಗೆ ಅನ್ವಯಿಸುತ್ತದೆಂದು ಅವರಿಗೆ ಅನ್ನಿಸಿರಲಿಲ್ಲ.

"ಇನ್ ನೀರು ಹೋತಲ್ಲ. ಹೊಡದು ನೋಡ್ರಿ, ಹತ್ತಿದ್ರೂ ಹತ್ತಬೋದು" ಎಂದ ಯಜಮಾನ, ಮೋಡ ನೋಡುತ್ತ.

ಹತ್ತಿದರೂ ಹತ್ತುತ್ತಿತ್ತು. ಬಾಗಿದ ರಾಡಿನಲ್ಲೂ ಎಂಜಿನ್ ಹತ್ತುತ್ತದೆ; ಕಣದಲ್ಲಿ ಪೂರ್ತಿ ಲೋಡು ಬಿದ್ದಾಗ ರಾಡು ಬ್ಲಾಕನ್ನು ಒಡೆದುಕೊಂಡು ಹೊರಗೆ ಬರುತ್ತದೆ. "ಹೆಡ್ ಬಿಚ್ಚಬೇಕು" ಎಂದೆ. ಅವನು ಏನೋ ಹೇಳಲು ಬಾಯಿ ತೆರೆದ. ಹೆಂಡತಿ ನೋಡಿದಳು. ಮುಚ್ಚಿದ.

ರೇಡಿಯೇಟರಿನ ನೀರು ಬಸಿದು, ನಟ್ಟುಗಳನ್ನು ಅಡ್ಡಡ್ಡವಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ, ಹೆಡ್ ಎತ್ತಿದೆ. ಸಿಲಿಂಡರಿನ ಗೋಡೆಯ ಮೇಲೆ ತೆಳ್ಳಗೆ ಕಂದು ಬಣ್ಣ, ಅಷ್ಟೇ. ಡೀಸೆಲ್ ಅದ್ದಿದ ಪಂಚೆಯ ಚೂರಿನಿಂದ ಒರೆಸಿದರೆ ಹೋಯಿತು. ಬೆರಳಿಗೆ ಎಲ್ಲೂ ಗೀರು ಸಿಗಲಿಲ್ಲ. ಕೆರೆ ಅದನ್ನು ಚೆನ್ನಾಗಿ ನೋಡಿಕೊಂಡಿತ್ತು.

ಉಳಿದದ್ದು ರಾಡು. ಈ ಎಂಜಿನ್ನಿನಲ್ಲಿ ಪಿಸ್ಟನ್ ತುದಿಗೆ ಬಂದಾಗ ಅದರ ಮುಖ ಬ್ಲಾಕಿನ ಮುಖಕ್ಕೆ ಸಮ ಬರಬೇಕು. ರಾಡು ಬಾಗಿದ್ದರೆ ಗಿಡ್ಡವಾಗಿರುತ್ತದೆ, ಪಿಸ್ಟನ್ ಒಳಗೇ ನಿಂತುಬಿಡುತ್ತದೆ. ಸ್ಟೀಲ್ ಪಟ್ಟಿಯನ್ನು ಬ್ಲಾಕಿಗೆ ಅಡ್ಡ ಹಿಡಿದು, ಇನ್ನೊಂದು ಕೈಯಿಂದ ಫ್ಲೈವೀಲ್ ತಿರುಗಿಸತೊಡಗಿದೆ. ಪಿಸ್ಟನ್ ಮೇಲೆ ಮೇಲೆ ಬಂತು. ಯಜಮಾನ ನನ್ನ ಹೆಗಲ ಮೇಲೆ ಉಸಿರು ಬಿಡುತ್ತಿದ್ದ.

"ಬಂದ್ ಮಾಡಿರ್ಲಿಲ್ಲ ನಾನು" ಎಂದ ಅವನು, ಇದ್ದಕ್ಕಿದ್ದಂತೆ.

"ಗೊತ್ತು."

"ಸಣ್ಣಗೆ ಬಿಟ್ಟಿದ್ದೆ. ಭಾಳ ಸಣ್ಣಗೆ."

ಪಿಸ್ಟನ್ ಬಂದು ಪಟ್ಟಿಯ ಮಟ್ಟಕ್ಕೆ ನಿಂತಿತು. ಪಟ್ಟಿಯ ಕೆಳಗೆ ಬೆಳಕು ಕಾಣಲಿಲ್ಲ. ಇನ್ನೊಂದು ಸುತ್ತು ತಿರುಗಿಸಿ ನೋಡಿದೆ. ಸಮ.

"ಆ ಸಣ್ಣಗೇ ಉಳಿಸೇತಿ" ಎಂದೆ. ಜೋರಾಗಿ ಓಡುತ್ತಿದ್ದರೆ ಉಳಿಯುತ್ತಿರಲಿಲ್ಲ. ಅವನು ಏರಿಯ ಮೇಲೆ ಕುಕ್ಕರಗಾಲಲ್ಲಿ ಕೂತುಬಿಟ್ಟ.

ಹೊಸ ಗ್ಯಾಸ್ಕೆಟ್ ಇಟ್ಟು ಹೆಡ್ ಬಿಗಿ ಮಾಡಿದೆ. ಸಂಪಿಗೆ ಡೀಸೆಲ್ ಹಾಕಿ, ಕೈಯಲ್ಲಿ ತಿರುಗಿಸಿ, ಬಸಿದು, ಆಮೇಲೆ ಆಯಿಲ್ ತುಂಬಿದೆ. ಡೀಸೆಲ್ ಟ್ಯಾಂಕ್ ಖಾಲಿ ಮಾಡಿ ತೊಳೆದೆ. ಪೈಪಿನಲ್ಲಿ ಸಿಕ್ಕ ಗಾಳಿ ಬಿಟ್ಟೆ. ಹ್ಯಾಂಡಲ್ ಹೊಡೆದೆ. ಹತ್ತಲಿಲ್ಲ. ಮತ್ತೆ ಹೊಡೆದೆ. ಮತ್ತೆ. ನನಗೆ ಭುಜ ನೋವಿಲ್ಲ ಎಂದು ಆವರೆಗೆ ತಿಳಿದುಕೊಂಡಿದ್ದೆ.

ದೂರದಲ್ಲಿ ಗುಡುಗಿತು. ಊರಿನವರು ಹೊಸ ಬಟ್ಟೆ ಹಾಕಿಕೊಂಡು ಬನ್ನಿ ಮರದ ಕಡೆ ಹೊರಟಿದ್ದರು. ಹಿರಿಯರೂ ಹೋದರು.

ನಾಜಲ್ಲಿಗೆ ಹೋಗುವ ಪೈಪನ್ನು ಬೆರಳಲ್ಲಿ ಹಿಡಿದು ತಿರುಗಿಸಿದೆ. ಡೀಸೆಲ್ ಹೋಗುತ್ತಿದ್ದರೆ ಅದರೊಳಗೆ ಟಕ್ ಎಂದು ನಾಡಿಯ ಹಾಗೆ ಹೊಡೆಯಬೇಕು. ನಾಡಿ ಇರಲಿಲ್ಲ. ಫಿಲ್ಟರಿನ ಬಟ್ಟಲು ಬಿಚ್ಚಿದೆ. ತಳದಲ್ಲಿ ಮತ್ತೆ ನೀರು. ಟ್ಯಾಂಕಿನ ಒಂದು ಮೂಲೆ ತಗ್ಗಾಗಿತ್ತು. ನಾನು ತೊಳೆದರೂ ಕೆರೆಯ ಒಂದು ಬೊಗಸೆ ಅಲ್ಲಿ ಅವಿತು ಕೂತಿತ್ತು. ಟ್ಯಾಂಕನ್ನೇ ಇಳಿಸಿ, ಬೋರಲು ಹಾಕಿ, ಬಟ್ಟೆ ತೂರಿಸಿ ಒರೆಸಿದೆ. ಮೊದಲಿಂದ ಗಾಳಿ ಬಿಡುವ ಕೆಲಸ. ಪೈಪಿನಲ್ಲಿ ಟಕ್ ಎಂದಿತು.

ಹ್ಯಾಂಡಲ್ ಹೊಡೆಯುವಾಗ ಮೊದಲು ಎಂಜಿನ್ನಿನ ಒತ್ತಡ ಬಿಟ್ಟುಕೊಡುವ ಒಂದು ಪುಟ್ಟ ಲಿವರನ್ನು ಹಿಡಿದಿರಬೇಕು. ವೇಗ ಬಂದ ಮೇಲೆ ಬಿಡಬೇಕು. ನನ್ನ ಎರಡು ಕೈಯೂ ಹ್ಯಾಂಡಲಿಗೇ ಬೇಕಾಗಿದ್ದವು.

"ನಾ ಹಿಡೀತೀನಿ" ಎಂದು ಯಜಮಾನನ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಬಂದಳು. "ಯಾವಾಗ ಬಿಡ್ಲಿ?"

"ಬಿಡ್ರಿ ಅಂದಾಗ."

"'ಹೋ' ಅಂದ್ರೆ ಬಿಡ್ಬೇಡ ಮತ್ತೆ" ಎಂದ ಗಂಡ ಕೂತಲ್ಲಿಂದ. ಆ ದಿನ ಅವನು ಆಡಿದ ಮೊದಲ ತಮಾಷೆ.

ತಿರುಗಿಸಿದೆ. ಬಿಡ್ರಿ ಎಂದೆ. ಬಿಟ್ಟಳು. ಎಂಜಿನ್ ಒಮ್ಮೆ ಕೆಮ್ಮಿತು, ಬಿಳಿ ಹೊಗೆ ಉಗುಳಿತು, ನಿಲ್ಲುವಂತೆ ಮಾಡಿ, ಗುಡು ಎಂದಿತು. ಮತ್ತೆ ಗುಡು. ಆಮೇಲೆ ಸಾಲಾಗಿ. ಬಿಸಿಯಾಗುವವರೆಗೆ ಓಡಿಸಿ, ಆಯಿಲ್ ಬಸಿದರೆ ಚಹದ ಬಣ್ಣ. ಮೂಲೆಮೂಲೆಯ ತೇವವೆಲ್ಲ ಅದರಲ್ಲಿತ್ತು. ಬದಲಾಯಿಸಿ ಮತ್ತೆ ಓಡಿಸಿದೆ. ಈ ಸಲ ಆಯಿಲ್ ಆಯಿಲಿನಂತಿತ್ತು.

ಕಣಕ್ಕೆ ಒಯ್ದು ಬೆಲ್ಟು ಹಾಕಿದರು. ಮಿಷನ್ನಿನ ಬಾಯಿಂದ ಕಾಳು ಹಳದಿ ಧಾರೆಯಾಗಿ ಬೀಳತೊಡಗಿತು. ಬನ್ನಿ ಮುಡಿದು ಬಂದವರು ಹೊಸ ಅಂಗಿಯಲ್ಲೇ ತೆನೆಗೆ ಕೈ ಹಾಕಿದರು. ಮಳೆ ಬಿದ್ದದ್ದು ಕಾಳು ಚೀಲ ಸೇರಿ ಒಳಗೆ ಹೋದ ಮೇಲೆ.

ನಾನು ಹೊರಡುವಾಗ ಗಂಡ ಹೆಂಡತಿ ಇಬ್ಬರೂ ಬನ್ನಿ ಎಲೆ ತಂದರು. ಕೈ ತುಂಬ ಮಸಿ ಎಂದೆ.

"ಇರ್ಲಿ. ಬನ್ನಿ ತಗೊಂಡು ಬಂಗಾರದಂಗೆ ಇರಾಣ" ಎಂದು ಅವನು ಅಂಗೈಯಲ್ಲಿ ಇಟ್ಟ. ಆ ವರ್ಷ ನನಗೆ ಬನ್ನಿ ಕೊಟ್ಟವರು ಅವರಿಬ್ಬರೇ. ತಿರುಗಿ ಕೊಡಲು ನನ್ನ ಹತ್ತಿರ ಎಲೆ ಇರಲಿಲ್ಲ. ಅದರಲ್ಲೇ ಅರ್ಧ ಮುರಿದು ಕೊಟ್ಟೆ.

ಶೆಡ್ಡಿಗೆ ಬಂದು ಸ್ಪ್ಯಾನರುಗಳನ್ನು ಒರೆಸಿ ಅವುಗಳ ಮೊಳೆಗೆ ನೇತುಹಾಕಿದೆ. ಟವೆಲ್ ಖಾಲಿಯಾಗಿತ್ತು. ಮಡಿಸಲು ಹೋದವನು ನಿಂತೆ. ಸ್ಕೂಟರಿನ ಡಿಕ್ಕಿಯಿಂದ ಆ ಮರೆತ ಸ್ಕ್ರೂ ಸ್ಪ್ಯಾನರನ್ನು ತಂದು, ಡೀಸೆಲ್ಲಿನಲ್ಲಿ ತೊಳೆದು, ಉಳಿದ ಕುಂಕುಮ ಹಚ್ಚಿ, ಟವೆಲ್ಲಿನ ನಡುವೆ ಒಂದೇ ಇಟ್ಟು, ಪಕ್ಕದಲ್ಲಿ ಬನ್ನಿ ಎಲೆಯ ಅರ್ಧ ಇಟ್ಟೆ. ಹಬ್ಬ ಮುಗಿದ ಮೇಲಿನ ಈ ಪೂಜೆ ಶಾಸ್ತ್ರಕ್ಕೆ ಸರಿಯೋ ಇಲ್ಲವೋ ತಿಳಿಯದು. ಆದರೆ ಕಾನೂನು ಸ್ಪಷ್ಟವಾಗಿತ್ತು: ಪೂಜೆಗೆ ಇಟ್ಟದ್ದಕ್ಕೆ ರಜೆ.

ಮರುದಿನ ಶಟರ್ ಎತ್ತಲಿಲ್ಲ. ಯಾರೋ ಬಂದು ತಟ್ಟಿ, ಕೂಗಿ, ಹೋದರು. ನಾನು ಒಳಗೆ ಒಬ್ಬನೇ ಅನ್ನ ಬೇಯಿಸಿ, ಸಾರು ಮಾಡಿ, ಬಿಸಿ ಇರುವಾಗಲೇ ಊಟಕ್ಕೆ ಕೂತೆ. ಪೇಟೆಗೆ ಹೋಗಲಿಲ್ಲ.